ವಿರೂಪಾಕ್ಷಪ್ಪ ಸರ್ ಕಟ್ಟಿದ ಓಣಿಗಳು

ಆಸ್ಪತ್ರೆಗೆ ನಾನು ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ನಮ್ಮ ಅಬ್ಬಾ ಸಿಂಧನೂರಿನಲ್ಲಿ ಗಾದಿ ಹೊಲೆಯುತ್ತಿದ್ದರು. ದಿನವಿಡೀ ಹತ್ತಿಯ ದೂಳು ಕುಡಿದು ಕೆಮ್ಮುತ್ತಿದ್ದ ಅವರಿಗೆ, ಮಗಳು ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತು ದುಡಿಯಬೇಕು ಎಂಬ ಒಂದೇ ಆಸೆ. ಆ ಕುರ್ಚಿಯಲ್ಲಿ ಕೂತು "ಹಲೋ, ಯಾವ ಡಾಕ್ಟರ್ ಬೇಕ್ರಿ?" ಎನ್ನುತ್ತಿದ್ದವಳು ಕೊನೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ನಮ್ಮ ಆಸ್ಪತ್ರೆಗಳ ಕಂಪ್ಯೂಟರ್ ಜಾಲ ನೋಡಿಕೊಂಡು ನಿವೃತ್ತಳಾದೆ. ನಡುವೆ ಯಾವ ಹುದ್ದೆ ಯಾವಾಗ ಸಿಕ್ಕಿತು ಎಂಬುದರಲ್ಲಿ ಬರೆಯುವಂಥದ್ದೇನೂ ಇಲ್ಲ.

ನಮ್ಮ ಪಕ್ಕದ ಮನೆಯ ಅಕ್ಕತಂಗಿಯರಿಬ್ಬರು ನೆಟ್‌ವರ್ಕ್ ಕೋರ್ಸ್ ಮುಗಿಸಿ ಈ ವರ್ಷ ಕೆಲಸಕ್ಕೆ ಸೇರಿದ್ದಾರೆ. ರವಿವಾರ ಬಂದು "ಆಂಟಿ, ಕೆಲಸ ಖರೇನ ಹೆಂಗಿರತೈತಿ ಹೇಳ್ರಿ" ಎಂದು ಕಾಡುತ್ತಾರೆ. ಯಾವ ಕಮಾಂಡ್ ಎಲ್ಲಿ ಹೊಡೆಯಬೇಕೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಅವರಿಗೆ ಹೇಳಬೇಕಾದದ್ದು ವಿರೂಪಾಕ್ಷಪ್ಪ ಸರ್ ಅವರ ವಿಷಯ. ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸರ್ ಮಸ್ಕಿಯವರು, ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಬಂದುಹೋಗುವವರು. ಡಿಪ್ಲೊಮಾ ಓದಿದವರು, ಎತ್ತರದ ಆಳು, ಶರ್ಟಿನ ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಆಸ್ಪತ್ರೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಅವರನ್ನು ಮೇಲ್ವಿಚಾರಕರನ್ನಾಗಿ ತಂದರು. ನನ್ನ ಫೋನಿನ ಟೇಬಲ್ ಪಕ್ಕದ ಕೋಣೆಯೇ ಅವರದು. ಒಂದು ದಿನ ಅಲ್ಲಿಂದಲೇ ಕೂಗಿದರು: "ಶಮೀಮಾ, ನಿನಗ ತಂತಿ ಮುಟ್ಟಾಕ ಅಂಜಿಕಿ ಏನು?"

"ಇಲ್ರಿ ಸರ್."

"ಹಂಗಾರ ಬಾ, ಇದನ್ನ ಹಿಡಕೋ."

ನಾನು ಈ ಕೆಲಸಕ್ಕೆ ಬಂದದ್ದು ಹಾಗೆ. ಹಿಡಿದುಕೊಂಡೆ, ಬಿಡಲಿಲ್ಲ.

ಆಗ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಂದೇ ಗುಂಪು. ಬಿಲ್ಲಿನವರದು, ಲ್ಯಾಬಿನವರದು, ಔಷಧಿ ಅಂಗಡಿಯದು, ಎಲ್ಲ ತಂತಿಗಳೂ ಬಂದು ಸ್ವಿಚ್ ಎಂಬ ಪೆಟ್ಟಿಗೆಗಳಿಗೆ ಸೇರುತ್ತಿದ್ದವು. ಕಸ ಗುಡಿಸುವ ಈರಮ್ಮ ಒಂದು ಬೆಳಿಗ್ಗೆ ಗೋಡೆಯ ಬುಡದಲ್ಲಿ ಜೋತುಬಿದ್ದ ತಂತಿ ನೋಡಿ, ಯಾರಿಗಾದರೂ ಕಾಲಿಗೆ ತೊಡರೀತು ಎಂದು ಅದರ ಎರಡೂ ತುದಿಗಳನ್ನು ಗೋಡೆಯ ಎರಡು ತೂತುಗಳಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದಳು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಳಿಸಿದ ಮಾತು ತಿರುಗಿ ಅದೇ ತಂತಿಯಲ್ಲಿ ಬಂದು, ಮತ್ತೆ ಹೋಗಿ, ಸುತ್ತಿ ಸುತ್ತಿ ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ನಿಂತುಹೋದವು. ಕಾರಣ ಗೊತ್ತಾದಾಗ ಈರಮ್ಮ ಅಳತೊಡಗಿದಳು. ಸರ್ ಅವಳಿಗೆ ಏನೂ ಅನ್ನಲಿಲ್ಲ. "ಆಕೀದೇನು ತಪ್ಪು? ಒಬ್ಬಾಕಿ ಒಂದು ತಂತಿ ಸಿಕ್ಕಿಸಿದ್ರ ಊರಽ ಮುಳುಗೂ ಹಂಗ ಕಟ್ಟೀವಿ ನೋಡು, ತಪ್ಪು ನಮ್ದು" ಎಂದರು.

ಆಮೇಲೆ ಅವರು ವಿಲ್ಯಾನ್ ಮಾಡಿದರು. ಪೆಟ್ಟಿಗೆ ಅದೇ, ತಂತಿ ಅದೇ. ಆದರೆ ಯಾವ ತೂತು ಯಾವ ಗುಂಪಿಗೆ ಸೇರಿದ್ದು ಎಂದು ಪೆಟ್ಟಿಗೆಗೆ ನಂಬರ್ ಹೇಳಿಕೊಡುವುದು. ಹತ್ತು ಬಿಲ್ಲಿನವರಿಗೆ, ಇಪ್ಪತ್ತು ಲ್ಯಾಬಿಗೆ, ಮೂವತ್ತು ಔಷಧಿಗೆ, ನಲವತ್ತು ಫೋನುಗಳಿಗೆ. ಒಂದು ನಂಬರಿನವರ ಗದ್ದಲ ಇನ್ನೊಂದಕ್ಕೆ ಕೇಳುವುದಿಲ್ಲ. ಸರ್ ಅವನ್ನು ಓಣಿ ಎಂದೇ ಕರೆಯುತ್ತಿದ್ದರು. "ಬಯಲಾಗ ಒಬ್ಬಾಂವ ಚೀರಿದ್ರ ಎಲ್ಲಾರಿಗೂ ಕೇಳಸತೈತಿ. ಓಣಿ ಮಾಡಿದ್ರ ಚೀರಾಟ ಓಣ್ಯಾಗ ಉಳೀತೈತಿ." ಮಸ್ಕಿಯಲ್ಲೂ ಲಿಂಗಸುಗೂರಿನಲ್ಲೂ ಶಾಖೆಗಳು ತೆರೆದ ಮೇಲೆ ಈ ಓಣಿಗಳನ್ನೆಲ್ಲ ಅಲ್ಲಿಗೂ ಎಳೆದರು. ಊರಿಂದೂರಿಗೆ ಹೋಗುವ ಲೈನು ಒಂದೇ. ಅದರೊಳಗೆ ಎಲ್ಲ ಓಣಿಗಳೂ ಒಟ್ಟಿಗೆ ಹಾಯುತ್ತವೆ. ಅದಕ್ಕೆ ಟ್ರಂಕ್ ಎನ್ನುತ್ತಾರೆ.

ಕಟ್ಟುವುದಕ್ಕಿಂತ ತೆಗೆಯುವುದು ಕಷ್ಟ ಎಂದು ಸರ್ ಕಲಿತದ್ದು ತಮ್ಮದೇ ಒಂದು ತಪ್ಪಿನಿಂದ. ಮಸ್ಕಿಯಲ್ಲಿ ಕಣ್ಣಿನ ವಿಭಾಗ ಮುಚ್ಚಿದಾಗ ಅದರ ವಿಲ್ಯಾನ್ ಖಾಲಿ ಬಿದ್ದಿತ್ತು. ಯಾವ ಮಾತೂ ಓಡಾಡದ್ದನ್ನು ನೋಡಿ ಸರ್ ಅದನ್ನು ಅಳಿಸಿಬಿಟ್ಟರು. ಆದರೆ ಅದರಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಅಲಾರಂ ಒಂದಿತ್ತು. ಅದು ಒಳಗೆ ಬಿಸಿಯಾದರೆ ಮಾತ್ರ ಕೂಗುವ ಯಂತ್ರ, ಉಳಿದಂತೆ ಮೂಕ. ಬೇಸಿಗೆಯಲ್ಲಿ ಫ್ರಿಜ್ಜು ಕೆಟ್ಟಿತು. ಅಲಾರಂ ಕೂಗಿತು, ಆ ಕೂಗು ಹೋಗಲು ಓಣಿಯೇ ಇರಲಿಲ್ಲ. ಮಕ್ಕಳ ಲಸಿಕೆಯನ್ನೆಲ್ಲ ಚೆಲ್ಲಬೇಕಾಯಿತು. ಎತ್ತಿಕೊಂಡ ಕೂಸುಗಳ ಸಮೇತ ಹಳ್ಳಿಯ ತಾಯಂದಿರು ವಾಪಸು ಹೋಗುವುದನ್ನು ಸರ್ ಬಾಗಿಲಲ್ಲಿ ನಿಂತು ನೋಡಿದರಂತೆ. ದೊಡ್ಡ ಡಾಕ್ಟರ ಹತ್ತಿರ ತಾವೇ ಹೋಗಿ "ನಾ ಮಾಡಿದ್ರಿ" ಎಂದರು.

ಅಂದಿನಿಂದ ಅವರದೊಂದು ಪದ್ಧತಿ. ವಿಲ್ಯಾನ್ ತೆಗೆಯುವ ಮೊದಲು ಆ ಜಾಗಕ್ಕೆ ಹೋಗಿ ನಿಲ್ಲಬೇಕು, ಅಲ್ಲಿನವರನ್ನು ಕೇಳಬೇಕು. ಮೊದಲು ಒಂದೊಂದೇ ತೂತನ್ನು ಬೇರೆ ಓಣಿಗೆ ಸೇರಿಸಬೇಕು, ಆಮೇಲೆ ಟ್ರಂಕಿನಿಂದ ಬಿಡಿಸಬೇಕು, ಕಡೆಗೆ ಅಳಿಸಬೇಕು. ಹಿಂದುಮುಂದಾಗಿ ಮೊದಲೇ ಅಳಿಸಿದರೆ ಆ ನಂಬರಿನ ತೂತುಗಳು ಯಾವುದಕ್ಕೂ ಸೇರದೆ ಸತ್ತಂತೆ ಬಿದ್ದಿರುತ್ತವೆ. ಇನ್ನೊಂದು: ಏನೇ ಬದಲಿಸಿದರೂ ಕೂಡಲೇ ಸೇವ್ ಮಾಡಬಾರದು. ಎಲ್ಲ ಕಡೆ ಫೋನ್ ಮಾಡಿ, ಸರಿ ಇದೆ ಎಂದ ಮೇಲೆಯೇ ಮಾಡಬೇಕು. ಸೇವ್ ಮಾಡದಿದ್ದರೆ ಪೆಟ್ಟಿಗೆಯ ಕರೆಂಟು ತೆಗೆದು ಮತ್ತೆ ಹಾಕಿದಾಗ ಹಳೆಯ ಸ್ಥಿತಿಗೆ ಬರುತ್ತದೆ. ಆ ಹುಡುಗಿಯರ ಕೋರ್ಸಿನಲ್ಲೂ ಇದನ್ನೆಲ್ಲ ಹೇಳಿರುತ್ತಾರೆ. ಚೆಲ್ಲಿದ ಲಸಿಕೆ ನೋಡಿದವರು ಹೇಳಿದರೆ ಕೇಳಿಸುವ ರೀತಿಯೇ ಬೇರೆ.

ಮೊದಮೊದಲು ಪ್ರತಿ ಬದಲಾವಣೆಗೂ ಬಸ್ಸು ಹತ್ತುತ್ತಿದ್ದೆವು. ಊಟದ ಡಬ್ಬಿಯ ಚೀಲದಲ್ಲೇ ಪೆಟ್ಟಿಗೆಗೆ ಹಚ್ಚುವ ನೀಲಿ ತಂತಿ. ಸಿಂಧನೂರಿನ ಗದ್ದೆ, ಕಾಲುವೆ, ರೈಸ್ ಮಿಲ್ಲು ದಾಟಿ ಮಸ್ಕಿ ಹಿಡಿಯುವ ಹೊತ್ತಿಗೆ ನೆಲದ ಬಣ್ಣ ಬದಲಾಗಿ ಜೋಳ, ತೊಗರಿ. ಬರಬರುತ್ತ ಸಿಂಧನೂರಿನಲ್ಲಿ ಕೂತೇ ಲಿಂಗಸುಗೂರಿನ ಸ್ವಿಚ್ಚಿಗೆ ಕೈ ಹಾಕುವಂತಾಯಿತು. ಕೆಲಸ ಬೇಗ ಆಗುತ್ತಿತ್ತು. ಆದರೂ ಸರ್ ತಿಂಗಳಿಗೊಮ್ಮೆ ನನ್ನನ್ನು ಕರೆದುಕೊಂಡು ಎರಡೂ ಊರಿಗೆ ಹೋಗಿಬರುತ್ತಿದ್ದರು. ಹಾಗೆ ಹೋದಾಗಲೇ ನನಗೆ ಮೊದಲ ಸಲ ಅನುಮಾನ ಬಂದದ್ದು.

ಲಿಂಗಸುಗೂರಿನಿಂದ ಮಸ್ಕಿಗೆ ಹೊರಟಿದ್ದೆವು. ನಡುದಾರಿಯ ಸಂತೆಕಲ್ಲೂರಿನಲ್ಲಿ ಬಸ್ಸು ನಿಂತಾಗ ಸರ್ ಎದ್ದು ಇಳಿದುಬಿಟ್ಟರು. ಯಾಕೆಂದು ತಿಳಿಯದೆ ನಾನೂ ಹಿಂದೆ ಇಳಿದೆ. ಬಸ್ಸು ಹೋಯಿತು. ಸರ್ ಶೇರ್ ಆಟೋಗಳ ಕಡೆ ನೋಡುತ್ತ ನಿಂತರು. ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ.

"ಶಮೀಮಾ, ನಮ್ಮ ದವಾಖಾನಿ ಎಲ್ಲಿ ಹೋತು?"

ಸಂತೆಕಲ್ಲೂರನ್ನೇ ಮಸ್ಕಿ ಎಂದುಕೊಂಡಿದ್ದರು. ಅವರು ಹುಟ್ಟಿದ ಊರು ಮಸ್ಕಿ. ಆ ದಾರಿಯಲ್ಲಿ ಅವರು ಅದೆಷ್ಟು ಸಲ ಓಡಾಡಿದವರು! ನಾನು ಮುಖ ನೋಡಿದೆ, ತಮಾಷೆ ಇರಲಿಲ್ಲ. ಅಷ್ಟರಲ್ಲಿ ಅವರಿಗೇ ಎಚ್ಚರವಾದಂತಾಗಿ ಕಿವಿಯೆಲ್ಲ ಕೆಂಪಾಯಿತು. "ನೀ ಯಾಕ ಇಳದಿ?" ಎಂದು ಗದರಿದರು.

"ಚಾ ಕುಡಿಯೋಣಂತ ಇಳದೀನ್ರಿ ಸರ್" ಎಂದೆ.

ಚಾ ಕುಡಿದೆವು. ಮುಂದಿನ ಬಸ್ಸು ಹಿಡಿದು ಮಸ್ಕಿಗೆ ಹೋದೆವು. ಆಮೇಲೆ ಒಂದೊಂದಾಗಿ ಕಾಣತೊಡಗಿತು. ಹೇಳಿದ್ದನ್ನೇ ಮತ್ತೆ ಹೇಳುವುದು. ಔಷಧಿ ಅಂಗಡಿಯ ಓಣಿಯ ನಂಬರ್ ಯಾವುದೆಂದು ನನ್ನನ್ನು ಕೇಳುವುದು. ವಯಸ್ಸು, ಸುಸ್ತು, ಸಕ್ಕರೆ ಕಾಯಿಲೆ ಎಂದು ಒಂದೊಂದು ಸಲ ಒಂದೊಂದು ಹೆಸರು ಕೊಟ್ಟುಕೊಂಡೆ. ಅವರ ಹಿಂದೆ ಕೂತು, ಅವರು ಹೊಡೆದ ಸಾಲುಗಳನ್ನು ಕಣ್ಣಲ್ಲೇ ಓದುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದೆ. ಲಿಂಗಸುಗೂರಿಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದಿತ್ತು, ಅದಕ್ಕೆ ಅರವತ್ತನೇ ನಂಬರಿನ ಓಣಿ. ಅಲ್ಲಿನ ಸ್ವಿಚ್ಚಿನ ಟ್ರಂಕಿಗೆ ಅದೊಂದನ್ನು ಸೇರಿಸಬೇಕು. ಅದಕ್ಕೆ ಹೊಡೆಯುವ ಕಮಾಂಡಿನ ಸಾಲಿನಲ್ಲಿ 'ಆ್ಯಡ್' ಎಂಬ ಪುಟ್ಟ ಪದವೊಂದಿದೆ. ಅದಿದ್ದರೆ ಇರುವ ಓಣಿಗಳ ಜೊತೆಗೆ ಹೊಸದೂ ಸೇರುತ್ತದೆ. ಅದನ್ನು ಬಿಟ್ಟರೆ ಹಳೆಯವೆಲ್ಲ ಕಿತ್ತುಹೋಗಿ ಹೊಸದೊಂದೇ ಉಳಿಯುತ್ತದೆ. ಆ ಪದ ಬಿಡಬೇಡವೆಂದು ನನಗೆ ಬೆರಳು ಕುಟ್ಟಿ ಕಲಿಸಿದವರು ಸರ್.

ಡಬ್ಬಿ ತೆರೆದಿದ್ದೆ. ನನ್ನ ಮೊಬೈಲ್ ಬಡಿಯಿತು. ಲಿಂಗಸುಗೂರಿನ ನರ್ಸ್ ರೇಣುಕಾ.

"ಅಕ್ಕಾ, ಇಲ್ಲಿ ಎಲ್ಲಾ ಬಂದ್ ಆಗೈತಿ! ಕಂಪ್ಯೂಟರಿಲ್ಲ, ಟೇಬಲ್ ಮ್ಯಾಲಿನ ಫೋನೂ ಸತ್ತಾವು. ಹೆರಿಗಿ ಆದಾಕಿಗೆ ರಕ್ತ ಹೋಗಾಕತ್ತೈತಿ, ನಿಲ್ಲವಲ್ದು. ರಕ್ತ ಏರಸಾಕ ಆಕಿ ರಕ್ತದ ರಿಪೋರ್ಟು ಕಾಣವಲ್ದು ಅಕ್ಕಾ!"

ಕೋಣೆಗೆ ಓಡಿದೆ. ಸರ್ ಪರದೆಯ ಮುಂದೆ ಕೂತಿದ್ದರು. ಪರದೆ ಅಲುಗದೆ ನಿಂತಿತ್ತು. ಟ್ರಂಕಿನಿಂದ ಎಲ್ಲ ಓಣಿಗಳೂ ಹೋದಾಗ, ಅವರು ದೂರದಿಂದ ಕೈ ಹಾಕಿದ್ದ ಓಣಿಯೂ ಹೋಗಿತ್ತು. ಅದು ಅವರಿಗೆ ಹೊಳೆದೇ ಇರಲಿಲ್ಲ. ಅದೇ ಸಾಲನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರು. ನಿಂತ ಪರದೆಯ ಸಾಲಿನಲ್ಲಿ 'ಆ್ಯಡ್' ಇರಲಿಲ್ಲ.

"ಸರ್, ಕೈ ತೆಗೀರಿ."

"ತಡಿ, ಬರತೈತಿ, ತಡಿ."

ನಾನು ಅವರ ಮಣಿಕಟ್ಟು ಹಿಡಿದು ಕೀಬೋರ್ಡಿನಿಂದ ಎತ್ತಿದೆ. ಅಷ್ಟು ವರ್ಷಗಳಲ್ಲಿ ಅವರ ಮೈ ಮುಟ್ಟಿದ್ದು ಅದೇ ಮೊದಲು. "ಸೇವ್ ಮಾಡೀರೇನ್ರಿ?" ಎಂದೆ. ಅವರು ನನ್ನನ್ನು ನೋಡಿದರು, ಪ್ರಶ್ನೆಯೇ ತಿಳಿಯಲಿಲ್ಲ.

ಮೂರೂ ಊರಿನ ರಿಪೋರ್ಟುಗಳಿದ್ದ ನಮ್ಮ ಸಿಂಧನೂರಿನ ಲ್ಯಾಬಿಗೆ ಓಡಿ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಹೆಣ್ಣುಮಗಳ ರಿಪೋರ್ಟು ತೆಗೆಸಿ, ರೇಣುಕಾಗೆ ಮೊಬೈಲಿನಲ್ಲಿ ಓದಿ ಹೇಳಿದೆ. ಅವಳು ತಿರುಗಿ ಓದಿ ಹೇಳಿದಳು. ಆಮೇಲೆ ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಕರೆಂಟು ತೆಗೆದು ಮತ್ತೆ ಹಾಕು ಎಂದೆ. ಆ ಕೋಣೆಗೆ ಬೀಗ. ಕೀಲಿಕೈ ಇಟ್ಟುಕೊಂಡವನು ಚಾ ಕುಡಿಯಲು ಹೋಗಿದ್ದ. ಅವನನ್ನು ಹುಡುಕಿ ತಂದು, ಕರೆಂಟು ತೆಗೆದು ಮತ್ತೆ ಹಾಕಿದರು. ಸರ್ ಸೇವ್ ಮಾಡಿರಲಿಲ್ಲ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಪೆಟ್ಟಿಗೆ ಎದ್ದು ಕೂತಿತು, ಎಲ್ಲ ಓಣಿಗಳೂ ಬಂದವು.

ಆ ತಾಯಿ ಉಳಿದಳು, ಮಗುವೂ ಉಳಿಯಿತು. ಆದರೆ ಗರ್ಭಕೋಶ ತೆಗೆಯಬೇಕಾಯಿತು. ಚೊಚ್ಚಲ ಹೆರಿಗೆ, ಇನ್ನೂ ಎಳೆಯ ಹುಡುಗಿ. ರಕ್ತ ತಡವಾಗದೆ ಏರಿಸಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಇರಬಹುದು. ಅದು ಖರೆಯೋ, ನಮ್ಮ ಸಮಾಧಾನಕ್ಕೆ ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಆಡಳಿತಾಧಿಕಾರಿಗಳು ಎಲ್ಲರನ್ನೂ ಕರೆಸಿದರು. "ಯಾಕೆ ಹೀಗೆ ಮಾಡಿದಿರಿ?" ಎಂದು ಸರ್ ಅವರನ್ನು ಕೇಳಿದರು.

"ನನಗ ನೆನಪಿಲ್ರಿ."

"ನಿನ್ನೆ ಮಧ್ಯಾಹ್ನದ್ದು ನೆನಪಿಲ್ಲವೆ?"

"ಇಲ್ರಿ."

ಹಿಂದೆ ಕೂತವರ್ಯಾರೋ "ಭಾರೀ ಶ್ಯಾಣ್ಯಾ" ಎಂದು ಗೊಣಗಿದ್ದು ಕೋಣೆಗೆಲ್ಲ ಕೇಳಿಸಿತು. ಸರ್ ತಲೆ ತಗ್ಗಿಸಿದರು. ಲಸಿಕೆ ಹಾಳಾದಾಗ ತಾವೇ ಹೋಗಿ ತಪ್ಪೊಪ್ಪಿಕೊಂಡ ಮನುಷ್ಯ, ಈಗ ಖರೆ ಹೇಳುತ್ತಿದ್ದರೂ ಸುಳ್ಳುಗಾರನಾಗಿದ್ದರು. ಬೇಜವಾಬ್ದಾರಿ ಎಂದು ಬರೆದು ಕೆಲಸದಿಂದ ತೆಗೆಯುವ ಮಾತು ಎದ್ದಿತು.

ನಾನು ಮಸ್ಕಿಗೆ, ಸರ್ ಮನೆಗೆ ಹೋದೆ. ಸರ್ ಹಿತ್ತಲಲ್ಲಿದ್ದರು. ಅವರ ಹೆಂಡತಿ ಗೌರಮ್ಮನವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. "ಅಕ್ಕಾರ, ಸರ್‌ಗೆ ಮನ್ಯಾಗ ಹೆಂಗೈತ್ರಿ?" ಎಂದೆ ಅಷ್ಟೆ. ಅವರ ಕೈ ಮೊರದಲ್ಲೇ ನಿಂತಿತು.

"ನಿನಗೂ ಗೊತ್ತಾಗೇತಿ?"

"ಹೂಂ ರೀ."

"ಅಂಗಿ ಗುಂಡಿ ನಾ ಹಾಕತೀನಿ. ಬಸ್‌ಸ್ಟ್ಯಾಂಡ್ ತನಕಾ ಕಾಯಿಪಲ್ಲೆ ನೆವ ಮಾಡಿ ಬಂದು ಬಸ್ಸಿಗೆ ಹತ್ತಿಸಿ ಬರತೀನಿ. ಯಾರಿಗೂ ಹೇಳಿಲ್ಲ. ಹೇಳಿದ್ರ ಅವರ ಮರ್ಯಾದಿ ಹೋಗತೈತಿ ಅಂತ."

ನಾನು ಆಸ್ಪತ್ರೆಯಲ್ಲಿ ಮುಚ್ಚಿಟ್ಟದ್ದನ್ನು ಅವರು ಮನೆಯಲ್ಲಿ ಮುಚ್ಚಿಟ್ಟಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಲಿಂಗಸುಗೂರಿನ ಆ ಹುಡುಗಿಗೆ ಹಾಗಾಗುತ್ತಿರಲಿಲ್ಲವೇನೋ. ಇಬ್ಬರೂ ಅತ್ತೆವು. ಸರ್ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನಮಗೆ ತಿಳಿಯಲಿಲ್ಲ. ಅಂದು ಅವರ ತಲೆ ತಿಳಿಯಾಗಿತ್ತು.

"ದೊಡ್ಡ ದವಾಖಾನಿಗೆ ತೋರಸೋಣ" ಎಂದರು ಹೆಂಡತಿಗೆ. ನನ್ನ ಕಡೆ ತಿರುಗಿ, "ಶಮೀಮಾ, ಇವತ್ತ ಹೋಗಿ ನನ್ನ ಪಾಸ್‌ವರ್ಡ್ ತೆಗೆದುಬಿಡು. ಮೂರೂ ಊರಿನ ಸ್ವಿಚ್ಚಿನಾಗಿಂದ. ನಾಳಿ ನಾ ಬಂದು ಕೇಳಿದ್ರೂ ಕೊಡಬ್ಯಾಡ. ಬೈದ್ರೂ ಕೊಡಬ್ಯಾಡ. ನನ್ನ ಮ್ಯಾಲ ಆಣಿ ಮಾಡು."

ಆಣೆ ಮಾಡಿದೆ. ಅಂದೇ ಸಂಜೆ ತೆಗೆದೆ.

ಪರೀಕ್ಷೆಗಳಾದವು, ಮೆದುಳು ಸವೆಯುವ ಕಾಯಿಲೆ ಎಂದರು. ಕಾಗದ ಕಂಡ ಮೇಲೆ ಆಡಳಿತಾಧಿಕಾರಿಗಳು ಮೆತ್ತಗಾದರು. ಗೌರವದಿಂದಲೇ ಕಳಿಸಿಕೊಟ್ಟರು, ಶಾಲು ಹೊದಿಸಿದರು. ಗೊಣಗಿದವರೂ ಚಪ್ಪಾಳೆ ತಟ್ಟಿದರು.

ಆದರೆ ಸರ್ ಬರುವುದು ಬಿಡಲಿಲ್ಲ. ಹೇಗೋ ಬಸ್ಸು ಹತ್ತಿ ಸಿಂಧನೂರಿಗೆ ಬಂದುಬಿಡುತ್ತಿದ್ದರು. ಬಾಗಿಲಿನವನು ತಡೆಯುತ್ತಿರಲಿಲ್ಲ. ತಮ್ಮ ಕುರ್ಚಿಯಲ್ಲಿ ಕೂತು ಹೆಸರು ಹೊಡೆದು, ಪಾಸ್‌ವರ್ಡ್ ಹೊಡೆದು, ಆಗದೆ ನನ್ನ ಕಡೆ ತಿರುಗುತ್ತಿದ್ದರು. ಪಾಸ್‌ವರ್ಡ್ ಮಾತ್ರ ಅವರಿಗೆ ನೆನಪಿತ್ತು. ತೆಗೆಯಲು ಹೇಳಿದ್ದು ತಾವೇ ಎಂಬುದು ನೆನಪಿರಲಿಲ್ಲ.

"ಏನ ಮಾಡೀದಿ ನೀ?"

"ನೀವಽ ಹೇಳಿದ್ರಲ್ರಿ ಸರ್, ತೆಗೀ ಅಂತ."

"ನಾ ಹೇಳಿದ್ನಾ? ನಾ ಯಾಕ ಹೇಳ್ಲಿ? ನನ್ನ ಕೈಯಾರ ಕಟ್ಟೀನಿ ಇದನ್ನ. ನೀ ಫೋನ್ ಎತ್ತಾಕಿ ಇದ್ದಿ, ನಾ ಕಲಿಸೀನಿ. ನನ್ನ ಕುರ್ಚಿ ಮ್ಯಾಲ ಕಣ್ಣಿಟ್ಟಿದ್ದಿ, ಹೌದಿಲ್ಲೋ?"

ಮೊದಲೆರಡು ಸಲ ಬಿಡಿಸಿ ಹೇಳಿದೆ. ನಿಮಗೆ ಹೀಗೊಂದು ಕಾಯಿಲೆ ಎಂದು. ಪ್ರತಿ ಸಲವೂ ಅವರು ಅದನ್ನು ಹೊಸದಾಗಿ ಕೇಳಿದರು, ಹೊಸದಾಗಿ ಕುಸಿದರು. ಮೂರನೇ ಸಲದಿಂದ ಹೇಳುವುದು ಬಿಟ್ಟೆ. "ನಾಳಿ ಕೊಡತೀನ್ರಿ ಸರ್" ಎಂದು ಆಟೋ ಕರೆದು ಬಸ್ಸಿಗೆ ಕಳಿಸುತ್ತಿದ್ದೆ. ಕ್ರಮೇಣ ಗೌರಮ್ಮನವರು ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕತೊಡಗಿದರು.

ನನ್ನ ಸರ್ವಿಸಿನ ಕೊನೆಯ ವರ್ಷ ಹೊಸ ಪದ್ಧತಿ ಬಂತು. ಹೊರಗಿನ ಕಂಪನಿಯೊಂದಕ್ಕೆ ಎಲ್ಲವನ್ನೂ ವಹಿಸಿದರು. ಅವರ ಸ್ವಿಚ್ಚು, ಅವರ ನಂಬರು, ಯಾವುದೋ ಊರಿನಲ್ಲಿ ಕೂತು ನೋಡಿಕೊಳ್ಳುತ್ತಾರೆ. ಹಳೆಯ ವಿಲ್ಯಾನುಗಳನ್ನು ತೆಗೆಯಬೇಕಿತ್ತು. "ಮೇಡಂ, ಪೆಟ್ಟಿಗೆಯನ್ನೇ ಬಿಚ್ಚಿ ಎಸೆದರಾಯಿತಲ್ಲ" ಎಂದ ಕಂಪನಿಯವರ ಮಾತಿಗೆ ನಾನು ಒಪ್ಪಲಿಲ್ಲ. ಸಿಂಧನೂರು ಮುಗಿಸಿ, ಲಿಂಗಸುಗೂರು ಮುಗಿಸಿ, ಮಸ್ಕಿಗೆ ಬಂದೆ. ಪ್ರತಿ ಕೋಣೆಗೂ ಹೋಗಿ ನಿಂತು, ಅಲ್ಲಿನವರನ್ನು ಕೇಳಿ, ಒಂದೊಂದೇ ತೂತು ಬಿಡಿಸಿ, ಟ್ರಂಕು ಬಿಡಿಸಿ, ಕಡೆಗೆ ಅಳಿಸಿದೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಸರ್ ಕೊಟ್ಟ ನಂಬರುಗಳು. ಕೊನೆಯದು ಹೋದಾಗ ಯಾರಿಗೂ ಏನೂ ಆಗಲಿಲ್ಲ. ಹೊರಗೆ ಬಿಲ್ಲಿನ ಸಾಲು ಹಾಗೇ ಸರಿಯುತ್ತಿತ್ತು.

ಅಲ್ಲಿಂದ ಸರ್ ಮನೆಗೆ ನಡೆದು ಹೋದೆ. ನನ್ನನ್ನು ಕಂಡದ್ದೇ ಅವರು ಎದ್ದು ನಿಂತರು. "ಬಂದ್ಲು ಕಳ್ಳಿ! ಹೊರಗ ಹಾಕ್ರಿ ಆಕಿನ್ನ!" ಗೌರಮ್ಮನವರು ನನ್ನನ್ನು ಅಡಿಗೆಮನೆಗೆ ಕರೆದೊಯ್ದು ಕೂಡಿಸಿದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನ ಬರೂದಿಲ್ರಿ ಅಕ್ಕಾರ. ಸುಮ್ಮನ ಅವರಿಗೆ ತ್ರಾಸ" ಎಂದೆ.

"ಹಂಗ ಅನಬ್ಯಾಡ" ಎಂದರು ಅವರು. "ಮಗ ಬಂದ್ರ ನೋಡೂದಿಲ್ಲ. ತಮ್ಮ ಬಂದ್ರ ನೋಡೂದಿಲ್ಲ. ಗ್ವಾಡಿ ನೋಡಕೋತ ಕುಂತಿರತಾರ. ನಿನ್ನ ಕಂಡ್ರ ಸಿಟ್ಟಾದ್ರೂ ಬರತೈತಿ ಅವರಿಗೆ. ಅವತ್ತೊಂದಿನ ನನ್ನ ಗಂಡ ಮನ್ಯಾಗ ಇದ್ದಂಗ ಅನಸತೈತಿ. ಬರೂದು ಬಿಡಬ್ಯಾಡ ತಂಗಿ."

ಬಿಡಲಿಲ್ಲ. ನಿವೃತ್ತಳಾದ ಮೇಲೂ ಸಿಂಧನೂರಿನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ, ಬೈಸಿಕೊಳ್ಳಲು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವರ ಮುಖಕ್ಕೆ ರಕ್ತ ಏರುತ್ತಿತ್ತು, ಕಣ್ಣು ಹೊಳೆಯುತ್ತಿದ್ದವು, ಒಂದೆರಡು ಗಳಿಗೆ ನಮ್ಮ ಹಳೆಯ ಸರ್ ಆಗುತ್ತಿದ್ದರು. ಒಳಗೆ ಗೌರಮ್ಮನವರು ಚಾಕ್ಕೆ ನೀರು ಇಡುತ್ತಿದ್ದರು.

ಕಳೆದ ರಮಜಾನ್ ಮುಗಿದ ಮೇಲೆ ಹೋದಾಗ ಅವರು ಕಿಟಕಿಯ ಬಳಿ ಕೂತಿದ್ದರು. ನಾನು ಬಾಗಿಲಲ್ಲಿ ನಿಂತೆ. ಅವರು ತಿರುಗಿ ನೋಡಿದರು. ನಾನು ಕಾದೆ. ಮುಖದಲ್ಲಿ ಏನೂ ಏರಲಿಲ್ಲ. ನಿಧಾನವಾಗಿ ಎದ್ದು, ಮನೆಗೆ ಬಂದ ಹೊರಗಿನವರಿಗೆ ಮುಗಿಯುವ ಹಾಗೆ ಎರಡೂ ಕೈ ಮುಗಿದರು.

"ಬರ್ರಿ ಬಾಯಾರ, ಕುಂದರ್ರಿ. ಯಾವ ಊರಾತ್ರಿ ನಿಮ್ದು?"

ಫೋನಿನ ಟೇಬಲ್ಲಿನಿಂದ ಎಬ್ಬಿಸಿ ತಂತಿ ಹಿಡಿಸಿದ ದಿನದಿಂದ ಅವರು ನನ್ನನ್ನು ನೀ ಎಂದೇ ಕರೆದವರು. ರೀ ಹಚ್ಚಿ ಮಾತಾಡಿಸಿದ್ದು ಅಂದೇ ಮೊದಲು. ಸಿಂಧನೂರ್ರಿ ಎಂದು ಹೇಳಿ, ಅವರು ತೋರಿಸಿದ ಕುರ್ಚಿಯ ಮೇಲೆ ಕೂತೆ.